ದುಡಿಯದ ಎಣ್ಣೆ

ನಮ್ಮ ಅತ್ತಿಗೆಗೆ ಊರಿನವರು ಇಟ್ಟ ಹೆಸರು ತಗಡಕ್ಕ. ಸೋರುವ ರೇಡಿಯೇಟರ್ ಬೆಸೆಯುವುದು ಅವರ ಕಸುಬು. ಶೆಡ್ಡು ಅವರ ತಂದೆಯದು, ಬೆಸುಗೆ ಕಡ್ಡಿಯೂ ತಂದೆಯದೇ, ಇಪ್ಪತ್ತಾರು ವರ್ಷದ ಅನುಭವ ಮಾತ್ರ ಸ್ವಂತದ್ದು. ತಗಡು ಅಂದರೆ ಕೆಲಸಕ್ಕೆ ಬಾರದ್ದು ಎಂಬ ಇನ್ನೊಂದು ಅರ್ಥವೂ ಇದೆಯಲ್ಲ, ಅದನ್ನು ನೆನೆದು ನಾನೂ ಒಳಗೊಳಗೇ ನಕ್ಕವಳೇ. ಯಾರಾದರೂ ಕೇಳಿದರೆ "ಅಣ್ಣನ ಹೆಂಡತಿ, ಏನೋ ಬೆಸುಗೆ ಕೆಲಸ ಮಾಡ್ತಾರೆ" ಎಂದು ಮಾತು ಮುಗಿಸುತ್ತಿದ್ದೆ. ಆ "ಏನೋ" ಎನ್ನುವುದಕ್ಕೆ ನನಗೆ ತಕ್ಕ ಶಾಸ್ತಿಯಾಯಿತು.

ನಾನು ನರ್ಸ್. ವಾರಕ್ಕೆ ಎರಡು ದಿನ ನನ್ನ ಹಳೆಯ ಕಾರಿನಲ್ಲಿ ಗುಡ್ಡ ಹತ್ತಿ, ಹಾಸಿಗೆ ಹಿಡಿದ ಹನ್ನೊಂದು ಮಂದಿಯ ಗಾಯ ತೊಳೆದು ಪಟ್ಟಿ ಕಟ್ಟಿ ಬರುತ್ತೇನೆ. ಒಂದು ಗುರುವಾರ ಅರ್ಧ ಗುಡ್ಡದಲ್ಲೇ ಬಿಸಿ ತೋರಿಸುವ ಸೂಜಿ ಕೆಂಪು ಗೆರೆ ಮುಟ್ಟಿತು, ಬಾನೆಟ್ಟಿನ ಸಂದಿಯಿಂದ ಹಬೆ ಎದ್ದಿತು. ಕಾರನ್ನು ದೊಡ್ಡ ಗ್ಯಾರೇಜಿಗೆ ಎಳೆಸಿಕೊಂಡು ಹೋದೆ. ಅದರ ಯಜಮಾನ ಎಂಜಿನ್ ತಣಿಸುವ ನೀರಿನ, ಅಂದರೆ ಕೂಲೆಂಟ್ ಡಬ್ಬಿಯ ಮುಚ್ಚಳ ತೆಗೆದ. ಒಳಗೆ ನೀರಿನ ಬದಲು ಹಳದಿ ಕೆನೆ ಕಟ್ಟಿತ್ತು.

"ಗ್ಯಾಸ್ಕೆಟ್ ಹೋಗಿದೆ ಮೇಡಂ. ಎಂಜಿನ್ ಆಯಿಲ್ ನೀರಿಗೆ ಸೇರ್ಕೊಂಡಿದೆ, ಬ್ಲಾಕೂ ಬಿರುಕು ಬಿಟ್ಟಿರ್ಬೇಕು. ಎಂಜಿನ್ನೇ ಬದಲಾಯಿಸ್ಬೇಕು, ಒಂದು ತಿಂಗಳಾಗತ್ತೆ" ಎಂದ. ಮುಚ್ಚಳ ತೆಗೆದದ್ದು ಬಿಟ್ಟರೆ ಬೇರೇನನ್ನೂ ಅವನು ಮುಟ್ಟಲಿಲ್ಲ.

ಆಸ್ಪತ್ರೆಯ ಮೇಲಧಿಕಾರಿ ಅದಕ್ಕಿಂತ ಚುಟುಕಾಗಿ ಹೇಳಿದರು. "ಸೋಮವಾರ ಕಾರಿಲ್ಲ ಅಂದ್ರೆ ಗುಡ್ಡದ ಕೆಲಸ ನಿಲ್ಲಿಸ್ಬಿಡ್ತೀನಿ. ಅವರೇ ಇಳಿದು ಬರ್ಲಿ." ಹಾಸಿಗೆ ಹಿಡಿದವರು ಇಳಿದು ಬರುವುದು ಹೇಗೆ? ಅಲ್ಲಿನ ಮೇಷ್ಟ್ರ ಕಾಲಿನ ಹುಣ್ಣು ಎರಡು ವರ್ಷದ ನಂತರ ಈಗಷ್ಟೇ ಮಾಯುತ್ತಿತ್ತು. ಎರಡು ವಾರ ಬಿಟ್ಟರೆ ಕಾಲೇ ಕೈಬಿಟ್ಟು ಹೋಗುತ್ತಿತ್ತು.

ಮರುದಿನ ಕಾರನ್ನು ಅತ್ತಿಗೆಯ ಶೆಡ್ಡಿಗೆ ಎಳೆಸಿ ತಂದದ್ದು ರಿಪೇರಿಗಲ್ಲ, ನಿಲ್ಲಿಸಲು ಜಾಗಕ್ಕೆ. ಅವರು ರೇಡಿಯೇಟರ್ ಬೆಸೆಯುವವರು, ಎಂಜಿನ್ ಅವರಿಗೇನು ಗೊತ್ತು ಎಂಬುದು ನನ್ನ ಲೆಕ್ಕಾಚಾರ. ಅದೇ ಶೆಡ್ಡಿನ ಹಲಗೆ ಗೋಡೆಯ ಆಚೆ ಅಣ್ಣನ ಹೊಲಿಗೆ ಅಂಗಡಿ. ನಾನು ಬೆಂಚಿನ ಮೇಲೆ ಕೂತು ಯಜಮಾನನ ತೀರ್ಪು ಒಪ್ಪಿಸಿದೆ.

ಅತ್ತಿಗೆ ಕಿವಿಗೊಟ್ಟು ಕೇಳಿ, "ನಿಮ್ಮ ಆಸ್ಪತ್ರೇಲಿ ರಕ್ತ ಪರೀಕ್ಷೆ ಮಾಡ್ದೇನೇ ಹೊಟ್ಟೆ ಕೊಯ್ತಾರಾ?" ಎಂದರು.

ಆಮೇಲೆ ಅಣ್ಣನ ಕತ್ತರಿ ಕೆಳಗಿನ ಚೂರುಗಳಲ್ಲಿ ಎರಡು ಬಿಳಿ ಪಟ್ಟಿ ಆರಿಸಿ ತಂದರು. ಅವರ ಪರೀಕ್ಷೆಯ ಕ್ರಮವೇ ಅದಂತೆ. ಒಂದನ್ನು ಎಂಜಿನ್ ಎಣ್ಣೆ ಅಳೆಯುವ ಕಡ್ಡಿಗೆ ಒರೆಸಿದರು, ಇನ್ನೊಂದನ್ನು ಕೂಲೆಂಟ್ ಡಬ್ಬಿಯ ಕೆನೆಗೆ ಅದ್ದಿದರು. ಎರಡನ್ನೂ ತಂತಿಗೆ ಸಿಕ್ಕಿಸಿ ಚಹಾ ಕುಡಿಯಲು ಕೂತರು. ನನಗೆ ಪಿತ್ತ ನೆತ್ತಿಗೇರಿತು. ಇಲ್ಲಿ ನನ್ನ ಜೀವ ಹೋಗುತ್ತಿದೆ, ಇವರು ಬಟ್ಟೆ ಒಣಗಿಸುತ್ತಿದ್ದಾರೆ.

ಒಂದು ಗಂಟೆಯ ನಂತರ ಅವರು ನನ್ನನ್ನು ತಂತಿಯ ಬಳಿಗೆ ಕರೆದರು. ಎಂಜಿನ್ನಿನ ಪಟ್ಟಿಯಲ್ಲಿ ಕಾಡಿಗೆಯಷ್ಟು ಕಪ್ಪು ಮಚ್ಚೆ, ನೀರು ಬೆರೆತ ಗುರುತು ಎಳ್ಳಷ್ಟೂ ಇಲ್ಲ. ಡಬ್ಬಿಯ ಪಟ್ಟಿಯಲ್ಲಿ ನೀರು ಅಗಲವಾಗಿ ಹರಡಿತ್ತು, ನಡುವೆ ಜಿಡ್ಡಿನ ಹಳದಿ ವೃತ್ತ ಉಳಿದಿತ್ತು.

"ನೋಡು. ಎಂಜಿನ್ ಒಳಗೆ ದುಡಿದ ಎಣ್ಣೆ ಕಪ್ಪಾಗತ್ತೆ. ಇದು ಬಂಗಾರದ ಬಣ್ಣ. ಈ ಎಣ್ಣೆ ಒಂದು ದಿನಾನೂ ದುಡಿದಿಲ್ಲ, ಸೀದಾ ಡಬ್ಬಿಯಿಂದ ಡಬ್ಬಿಗೆ ಬಂದಿದೆ."

ಅಷ್ಟಕ್ಕೇ ಬಿಡಲಿಲ್ಲ. ಗಾಜಿನ ನಳಿಗೆಯಲ್ಲಿ ನೀಲಿ ದ್ರವ ತುಂಬಿ ಡಬ್ಬಿಯ ಬಾಯಿಗೆ ಹಿಡಿದು, ಸ್ವಲ್ಪ ಹೊತ್ತು ಎಂಜಿನ್ ಓಡಿಸಿದರು. ಗ್ಯಾಸ್ಕೆಟ್ ಹೋಗಿದ್ದರೆ ಹೊಗೆ ನೀರಿಗೆ ನುಗ್ಗಿ ನೀಲಿ ಹಳದಿಯಾಗಬೇಕು. ನೀಲಿ ನೀಲಿಯಾಗಿಯೇ ಉಳಿಯಿತು.

"ಎಂಜಿನ್ ಗಟ್ಟಿಮುಟ್ಟಾಗಿದೆ. ಈಗ ಹೇಳು, ಡಬ್ಬಿಗೆ ಕೈ ಹಾಕಿದ್ದು ಯಾರು?"

ಹಲಗೆಯ ಆಚೆ ಹೊಲಿಗೆ ಯಂತ್ರ ನಿಂತಿತು. ಕೊರಳಿಗೆ ಟೇಪು ಸುತ್ತಿಕೊಂಡು ಅಣ್ಣ ಬಂದ, ಬಾಲ ಸುಟ್ಟ ಬೆಕ್ಕಿನ ಹಾಗೆ.

"ನಾನೇ. ಬುಧವಾರ ಕಾರು ಇಲ್ಲೇ ಅಂಗಡಿ ಮುಂದೆ ನಿಂತಿತ್ತು, ಇವಳೇ ಫೋನ್ ಮಾಡಿ, ನೀರು ಕಮ್ಮಿಯಾಗಿದೆ, ಸ್ವಲ್ಪ ಕೂಲಿಂಗ್ ಎಣ್ಣೆ ಹಾಕು ಅಂದ್ಲು. ಎಣ್ಣೆ ಅಂದ್ಲಲ್ಲ, ಹೊಸ ಎಣ್ಣೆ ಒಂದು ಲೀಟರ್ ತಂದು ಹಾಕ್ದೆ. ಒಳ್ಳೇದೇ ತಂದೆ ಕಣೇ."

ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಹೌದು, ಹಾಗೆಯೇ ಹೇಳಿದ್ದೆ. ಕೂಲೆಂಟಿಗೆ ಕೂಲಿಂಗ್ ಎಣ್ಣೆ ಅನ್ನದವರು ನಮ್ಮಲ್ಲಿ ಯಾರಿದ್ದಾರೆ? ಅದರಲ್ಲಿ ಎಣ್ಣೆಯ ಹನಿಯೂ ಇರುವುದಿಲ್ಲ ಎಂದು ನಲವತ್ತೊಂದರ ನನಗೂ ಹೊಳೆದಿರಲಿಲ್ಲ. ಔಷಧದ ಹೆಸರು ಒಂದಕ್ಷರ ತಪ್ಪಿದರೆ ಕಿರಿಯ ನರ್ಸುಗಳ ಬೆವರಿಳಿಸುವವಳು ನಾನು. ಅತ್ತಿಗೆ ನಕ್ಕ ನಗುವಿಗೆ ಶೆಡ್ಡಿನ ತಗಡೂ ನಡುಗಿತು.

ಶುಕ್ರವಾರ ಸಂಜೆ, ಇಡೀ ಶನಿವಾರ, ಅತ್ತಿಗೆ ಟೊಂಕ ಕಟ್ಟಿ ನಿಂತರು. ಎಣ್ಣೆಗೆ ಊದಿ ಮೆತ್ತಗಾಗಿದ್ದ ರಬ್ಬರ್ ಕೊಳವೆಗಳನ್ನೆಲ್ಲ ಕಿತ್ತು ಹೊಸದು ಹಾಕಿದರು. ಮೊದಲು ನೀರು ಕಡಿಮೆಯಾಗಲು ಕಾರಣವೂ ಅಲ್ಲೇ ಸಿಕ್ಕಿತು, ಕೆಳಗಿನ ಕೊಳವೆಯ ಬಿಗಿಪಟ್ಟಿ ಸಡಿಲವಾಗಿತ್ತು. ರೇಡಿಯೇಟರಿನ ಒಳಗೋಡೆಗೆ ಜಿಡ್ಡು ಮೆತ್ತಿ ಬಿಸಿ ಹೊರಗೆ ಹೋಗದೆ ಎಂಜಿನ್ ಕುದಿಯುತ್ತಿತ್ತಂತೆ. ಸೋಪಿನ ನೀರು ತುಂಬುವುದು, ಎಂಜಿನ್ ಓಡಿಸುವುದು, ಆರಿದ ಮೇಲೆ ಬಸಿಯುವುದು, ಬಟ್ಟೆ ಅದ್ದಿ ನೋಡುವುದು. ಅಣ್ಣ ಬಿಳಿ ಚೂರು ಕತ್ತರಿಸಿ ಕೊಡುತ್ತಿದ್ದ. ಏಳನೆಯ ಪಟ್ಟಿ ಬಿಳಿಯಾಗಿಯೇ ಒಣಗಿತು.

ಭಾನುವಾರ ಪರೀಕ್ಷೆ. ನಾನು ಸ್ಟೀರಿಂಗ್ ಹಿಡಿದೆ, ಪಕ್ಕದಲ್ಲಿ ಅತ್ತಿಗೆ, ಭಾರಕ್ಕೆಂದು ಹಿಂದೆ ಅಣ್ಣ ಮತ್ತು ಅವನ ಎರಡು ಕಬ್ಬಿಣದ ಇಸ್ತ್ರಿಪೆಟ್ಟಿಗೆ. ಗುಡ್ಡದ ಏರಿನಲ್ಲಿ ನಾನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಸೂಜಿ ನೋಡುತ್ತಿದ್ದೆ.

"ಕಣ್ಣಿಗಾದ್ರೆ ಬಿಟ್ಕೋ, ಡಬ್ಬಿಗೆ ಬೇಡ" ಎಂದರು ಅತ್ತಿಗೆ.

ಮೊದಲು ಕಾರು ನಿಂತ ತಿರುವು ಬಂತು, ಹಿಂದೆ ಸರಿಯಿತು. ಸೂಜಿ ನಡುಗೆರೆಯಲ್ಲೇ ಇತ್ತು. ಗುಡ್ಡದ ತುದಿ ಮುಟ್ಟಿದಾಗ ಮೂವರೂ ಹುಚ್ಚರಂತೆ ನಕ್ಕೆವು. ಇಳಿದು ಬರುವಾಗ ನಾನು ಬೇಕೆಂದೇ ದೊಡ್ಡ ಗ್ಯಾರೇಜಿನ ಮುಂದೆ ಕಾರು ನಿಲ್ಲಿಸಿದೆ. ಅತ್ತಿಗೆ ಬೇಡವೆಂದರು, ನಾನು ಕೇಳಲಿಲ್ಲ.

ಯಜಮಾನ ಹೊರಗೆ ಬಂದು ಎಂಜಿನ್ನಿನ ಸದ್ದಿಗೆ ಕಿವಿಗೊಟ್ಟ. "ಇಷ್ಟು ಬೇಗ ಯಾವ ಎಂಜಿನ್ ಹಾಕ್ಸಿದ್ರಿ?"

"ಅದೇ ಎಂಜಿನ್" ಎಂದೆ. ಆ ಎರಡು ಪದ ಹೇಳಿದಷ್ಟು ಸುಖ ನನಗೆ ಮದುವೆಯ ದಿನವೂ ಆಗಿರಲಿಲ್ಲ. ಅವನು ಒಮ್ಮೆ ಕಾರನ್ನೂ ಒಮ್ಮೆ ಅತ್ತಿಗೆಯನ್ನೂ ನೋಡಿ, "ನಮ್ಮಲ್ಲೂ ಒಂದು ಗಾಡಿ ಸುಮ್ಮಸುಮ್ಮನೆ ಕುದೀತಿದೆ, ನಾಳೆ ಬಂದು ನೋಡ್ತೀರಾ?" ಎಂದು ಅವರನ್ನು ಕೇಳಿದ.

"ಗಾಡೀನ ನಮ್ಮ ಶೆಡ್ಡಿಗೇ ಕಳಿಸಿ" ಎಂದರು ಅತ್ತಿಗೆ.

ಸೋಮವಾರ ಹತ್ತು ಗಂಟೆಗೆ ಮೇಷ್ಟ್ರ ಪಟ್ಟಿ ಬಿಚ್ಚಿದೆ. ಹುಣ್ಣಿನ ಬಾಯಿ ಇನ್ನಷ್ಟು ಕೂಡಿಕೊಂಡಿತ್ತು. ನಾನು ಇನ್ನು ಬರುವುದಿಲ್ಲವೆಂದು ಯಾರೋ ಹೆದರಿಸಿದ್ದರಂತೆ, ಅವರು ನನ್ನ ಕೈ ಬಿಡಲೇ ಇಲ್ಲ.

"ಕಾರು ಕೆಟ್ಟೇ ಹೋಯ್ತು ಅಂದಿದ್ರಲ್ಲಮ್ಮ, ಯಾರು ಸರಿ ಮಾಡಿದ್ದು?"

"ನಮ್ಮ ಅತ್ತಿಗೆ. ಮೆಕ್ಯಾನಿಕ್" ಎಂದೆ. "ಏನೋ" ಅನ್ನಲಿಲ್ಲ.