ಹೆಸರು ಕೊರೆಸಿದ ಡಬ್ಬಿ

ನಮ್ಮ ಅಡುಗೆಮನೆಯ ಕಟ್ಟೆಯ ಮೇಲೆ, ಒಲೆಯ ಪಕ್ಕದಲ್ಲಿ, ಉಪ್ಪು ತುಂಬಿದ ಒಂದು ಸ್ಟೀಲಿನ ಡಬ್ಬಿಯಿದೆ. ನೀವು ಊಟಕ್ಕೆ ಬಂದರೆ ಅದರ ಬಗ್ಗೆ ನಮ್ಮ ಮನೆಯಲ್ಲಿ ಹೇಳುವ ಕತೆ ಇಷ್ಟೇ: ಚಿಕ್ಕಿಗೆ ಮನಸ್ಸು ಕೆಟ್ಟಾಗಲೆಲ್ಲ ಪೇಟೆ ಸುತ್ತುವ ಚಟ, ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ ಆ ಚಟ ಇನ್ನಷ್ಟು ಬೆಳೆಯಿತು, ಒಂದು ದಿನ ಬೇಡದ ಡಬ್ಬಿಯೊಂದನ್ನು ತಂದಳು, ಪಾಪ, ಅಪ್ಪ ಅದಕ್ಕೊಂದು ಉಪಯೋಗ ಹುಡುಕಿ ಕೊಟ್ಟ. ಕೇಳಿದವರು ನಗುತ್ತಾರೆ. ನಾನು ನಗುವುದಿಲ್ಲ. ಎದುರಾಳಿಯ ವಾದವನ್ನು ಕೆಡಹುವ ಮೊದಲು ಅವನು ಬಳಸಿದ ಪದಗಳನ್ನು ಹಿಡಿದು ಅಲ್ಲಾಡಿಸಿ ನೋಡಬೇಕೆಂದು ಚರ್ಚಾಸ್ಪರ್ಧೆಗಳಲ್ಲಿ ಕಲಿತವಳು ನಾನು. ಈ ಕತೆಯಲ್ಲಿ ನನಗೆ ಸಡಿಲವಾಗಿ ಕಾಣುವ ಪದಗಳು ಎರಡು: ‘ಚಟ’ ಮತ್ತು ‘ಬೇಡದ’.

ಚಿಕ್ಕಿಯೆಂದರೆ ಅಪ್ಪನ ತಮ್ಮನ ಹೆಂಡತಿ, ನಾಗವೇಣಿ. ಅಣ್ಣತಮ್ಮಂದಿರು ಒಂದೇ ದೋಣಿಯಲ್ಲಿ ಕಡಲಿಗೆ ಹೋದರೆ, ಚಿಕ್ಕಿ ಮೀನಿನ ಬುಟ್ಟಿಯನ್ನು ಟೆಂಪೋಕ್ಕೆ ಹಾಕಿ, ತಾನು ಬಸ್ಸು ಹತ್ತಿ, ಕರ್ಕಿಯಿಂದ ಕುಮಟೆಯ ಮೀನುಪೇಟೆಗೆ ಹೋಗಿ ಕೂರುತ್ತಾಳೆ. ಬಂದ ದುಡ್ಡು ಸಂಜೆ ಅಪ್ಪನ ಕೈಗೆ. ನಮ್ಮಲ್ಲಿ ಅದೇ ರೂಢಿ, ಮತ್ತು ರೂಢಿಗೆ ಯಾರೂ ಕಾರಣ ಕೇಳುವುದಿಲ್ಲ.

ಆ ದಿನ ಐಸು ಸಾಲದೆ ಬಂಗಡೆಗಳೆಲ್ಲ ಮೆತ್ತಗಾಗಿದ್ದವು. ಕಾಲೇಜು ಮುಗಿಸಿ ನಾನು ಮೀನುಪೇಟೆಗೆ ಹೋಗುವಷ್ಟರಲ್ಲಿ ಚಿಕ್ಕಿ ಅರ್ಧ ಬುಟ್ಟಿ ಮೀನನ್ನು ಹದ್ದುಗಳಿಗೆ ಬಿಟ್ಟು, ಕೈ ತೊಳೆದು, ಯಾರ ಮೇಲೆಂದು ತಿಳಿಯದ ಸಿಟ್ಟಿನಲ್ಲಿ ಕುಳಿತಿದ್ದಳು. “ನಡಿ ತಂಗೀ, ಎರಡು ಅಂಗಡಿ ನೋಡ್ಕಂಡು ಬಪ್ಪ” ಅಂದಳು.

ಬಡವರು ಅಂಗಡಿ ನೋಡುವ ಬಗೆಯನ್ನು ನೀವು ಯಾವಾಗಲಾದರೂ ಗಮನಿಸಿದ್ದೀರಾ? ಸೀರೆಯ ಸೆರಗನ್ನು ಬೆರಳಲ್ಲಿ ತಿಕ್ಕಿ, ಬಕೆಟ್ಟಿನ ತಳ ತಟ್ಟಿ, ಬೆಲೆ ಕೇಳಿ, ಅದು ತನಗೇನೂ ಹೆಚ್ಚಲ್ಲವೆಂಬಂತೆ ತಲೆಯಾಡಿಸಿ, ಬಣ್ಣ ಸರಿಯಿಲ್ಲವೆಂಬ ನೆಪದಲ್ಲಿ ಗೌರವದಿಂದ ಕೆಳಗಿಡುವ ಆ ಕ್ರಮದಲ್ಲಿ ದಿನವಿಡೀ ಮಾರುತ್ತಲೇ ಇದ್ದ ಹೆಂಗಸು ಸ್ವಲ್ಪ ಹೊತ್ತು ಕೊಳ್ಳುವವಳಾಗುತ್ತಾಳೆ. ಬೆಳಗಿನಿಂದ ಗಿರಾಕಿಗಳು ಅವಳೆದುರು ಮೂಗು ಮುರಿದಿದ್ದರು. ಈಗ ಮೂಗು ಮುರಿಯುವ ಸರದಿ ಅವಳದು. ಮೊಬೈಲು ತೆರೆದರೆ ಒಬ್ಬರು ಕೊಳ್ಳಿ, ಮನಸ್ಸು ಅರಳುತ್ತದೆ ಅನ್ನುತ್ತಾರೆ; ಬೆರಳು ಸರಿಸಿದರೆ ಇನ್ನೊಬ್ಬರು ಉಳಿಸಿ, ಬದುಕು ಅರಳುತ್ತದೆ ಅನ್ನುತ್ತಾರೆ. ಇಬ್ಬರನ್ನೂ ನಾನು ನಂಬುವುದಿಲ್ಲ. ಇಬ್ಬರೂ ಕುಮಟೆಯ ಪೇಟೆಯಲ್ಲಿ ಹದ್ದಿಗೆ ಮೀನು ಬಿಟ್ಟವರಲ್ಲ.

ಕೊನೆಗೆ ಚಿಕ್ಕಿ ಕೆಳಗಿಡದೆ ಹಿಡಿದುಕೊಂಡದ್ದು ಪಾತ್ರೆಯಂಗಡಿಯ ಒಂದು ಸಣ್ಣ ಡಬ್ಬಿಯನ್ನು. ದಿನಾ ಅವಲಕ್ಕಿಯನ್ನು ಹಳೇ ಪೇಪರಿನಲ್ಲಿ ಕಟ್ಟಿಕೊಂಡು ಬರುವವಳಿಗೆ ಅದು ಬೇಡದ್ದೋ ಬೇಕಾದದ್ದೋ ಎಂದು ನೀವೇ ತೀರ್ಮಾನಿಸಿ. ಪಾತ್ರೆ ಕೊಂಡರೆ ಹೆಸರು ಕೊರೆದು ಕೊಡುವುದು ಆ ಅಂಗಡಿಯ ಪದ್ಧತಿ. ನಮ್ಮ ಮನೆಯ ಚಮಚದಿಂದ ಹಂಡೆಯವರೆಗೆ ಎಲ್ಲದರ ಮೇಲೂ ಅಪ್ಪನ ಹೆಸರೇ ಇದೆ. ಅವುಗಳಲ್ಲಿ ಅಪ್ಪ ತನ್ನ ಕೈಯಿಂದ ತೊಳೆದದ್ದು ಯಾವುದೂ ಇಲ್ಲ.

“ಎಂತ ಹೆಸ್ರು ಹಾಕ್ಲಿ?” ಅಂಗಡಿಯವ ಯಂತ್ರ ಹಿಡಿದು ಕೇಳಿದ.

“ನಾಗವೇಣಿ.”

“ಯಜಮಾನ್ರದ್ದು ಬ್ಯಾಡನಾ?”

“ಅವ್ರು ಬಲೆ ಹಿಡೂದು. ಡಬ್ಬಿ ಹಿಡೂದು ನಾನು.”

ಯಂತ್ರ ಜೇನುನೊಣದಂತೆ ಗುಂಯ್ಗುಟ್ಟಿತು. ಚಿಕ್ಕಿ ಬಾಗಿ, ತನ್ನ ಹೆಸರಿನ ಒಂದೊಂದು ಅಕ್ಷರವೂ ಚುಕ್ಕೆಚುಕ್ಕೆಯಾಗಿ ಮೂಡುವುದನ್ನು ನೋಡುತ್ತ ನಿಂತಳು.

ಬಸ್ಸಿನಲ್ಲಿ ನಾನು ವಾದಕ್ಕಿಳಿದೆ. “ಈ ಖುಷಿ ಎಷ್ಟು ಹೊತ್ತು ಇರ್ತದೆ, ಚಿಕ್ಕಿ?”

“ಹಳದೀಪುರ ದಾಟೂತನಕ” ಅಂದಳು ಅವಳು, ಸ್ವಲ್ಪವೂ ನಾಚದೆ. “ಅಷ್ಟಾದ್ರೆ ಸಾಕು. ಮನೆ ಬಪ್ಪಷ್ಟರಲ್ಲಿ ಮುಖ ಸರಿ ಆಗ್ತದೆ.”

“ಅಪ್ಪ ಕಂಡ್ರೆ ತಿರುಗಿ ಕೊಟ್ಟು ಬಾ ಅಂತಾನೆ.”

“ಅದಕ್ಕೇ ಹೆಸ್ರು ಹಾಕ್ಸಿದ್ದು ಮಾರಾಯ್ತಿ. ಹೆಸ್ರು ಬಿದ್ದ ಪಾತ್ರೆ ಯಾವ ಅಂಗಡಿಯವ್ರೂ ತಿರುಗಿ ತಕಣುದಿಲ್ಲ.”

ಎಷ್ಟು ಮುಂದಾಲೋಚನೆ ನೋಡಿ. ಅಂಗಡಿಗೆ ಮರಳದಂತೆ ಡಬ್ಬಿಯನ್ನು ಕಾಪಾಡಿದಳು. ಮನೆಯಿಂದ ಕಾಪಾಡಬೇಕೆಂದು ಮಾತ್ರ ಅವಳಿಗೆ ಹೊಳೆಯಲಿಲ್ಲ.

ಅಪ್ಪ ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿದ. “ಡಬ್ಬಿ ಇಲ್ದಿದ್ದ ಮನೆನಾ ಇದು? ನಾಳೆ ತಿರುಗಿ ಕೊಟ್ಕಂಡು ಬಾ.”

“ತಕಣುದಿಲ್ಲ, ಭಾವ. ಹೆಸ್ರು ಹಾಕ್ಸಿಯಾತು.”

ಅಪ್ಪ ಹೆಸರನ್ನು ಓದಿದ. ಕೂಗಾಡಿದ್ದರೆ ನಾನು ಉತ್ತರ ಕೊಡುತ್ತಿದ್ದೆನೇನೋ, ಅವನು ಕೂಗಲಿಲ್ಲ. ಒಳಗೆ ಹೋಗಿ, ಉಪ್ಪಿನ ಪ್ಯಾಕೆಟ್ಟನ್ನು ಒಡೆದು ತಾನೇ ಸುರಿದು, “ಹಾಳು ಮಾಡೂದು ಬ್ಯಾಡ, ಉಪ್ಪಿಗಾತು” ಅಂದ. ಆಮೇಲೆ, ಹವಾಮಾನದ ಮಾತಾಡುವ ದನಿಯಲ್ಲಿ, “ಇನ್ಮೇಲೆ ಮೀನು ಮುಗಿದ ಕೂಡ್ಲೇ ಬಸ್ಸು ಹತ್ತು.” ಚಿಕ್ಕಪ್ಪ ಗೋಡೆ ನೋಡುತ್ತಿದ್ದ. ಚಿಕ್ಕಿ “ಆತು” ಅಂದಳು.

ಅಂದಿನಿಂದ ಚಿಕ್ಕಿ ಅಂಗಡಿಗಳ ಕಡೆ ತಲೆ ಹಾಕುವುದಿಲ್ಲ. ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಪೇಪರಿನ ಪೊಟ್ಟಣ ಬಿಚ್ಚಿ ಅವಲಕ್ಕಿ ತಿಂದು, ಮೊದಲು ಬಂದ ಬಸ್ಸಿಗೆ ಹತ್ತುತ್ತಾಳೆ. ಮಾರ್ಕೆಟ್ಟಿನ ಮುಖವನ್ನೇ ಹೊತ್ತು ಮನೆಗೆ ಬರುತ್ತಾಳೆ. ಮತ್ತು ಅಪ್ಪ ಕೇಳುತ್ತಾನೆ, ಇವಳಿಗೆ ಈಚೆಗೆ ಎಂತ ಆಗಿದೆ ಎಂದು.

ಹಾಗಾದರೆ ಅಪ್ಪ ಮಿತವ್ಯಯಿಯೇ? ದೋಣಿಯ ಎಂಜಿನ್ನು ಕೆಟ್ಟು ಕೂತ ವಾರ, ಬಿಡಿಭಾಗ ಹುಡುಕಲೆಂದು ಭಟ್ಕಳಕ್ಕೆ ಹೋದ ಅವನು ಮರಳಿದ್ದು ದುಬೈಯಿಂದ ಬಂದ ಒಂದು ದಪ್ಪ ಕಂಬಳಿಯೊಂದಿಗೆ. ಅದನ್ನು ಹೊದೆಯುವಷ್ಟು ಚಳಿ ನಮ್ಮ ಕಡಲತಡಿಗೆ ಇನ್ನೂ ಬಂದಿಲ್ಲ. ಅಂದು ಅಪ್ಪನ ಮುಖದಲ್ಲಿದ್ದ ಗೆಲುವನ್ನು ನಾನು ಕಂಡಿದ್ದೇನೆ. ಹಳದೀಪುರ ದಾಟುವ ತನಕದ ಚಿಕ್ಕಿಯ ಗೆಲುವಿಗೂ ಅದಕ್ಕೂ ಕೂದಲೆಳೆಯ ವ್ಯತ್ಯಾಸವಿರಲಿಲ್ಲ. ನನಗೆ ಆ ಕಂಬಳಿಯ ಮೇಲೆ ಸಿಟ್ಟಿಲ್ಲ. ಸೋತು ಬಂದ ಮನುಷ್ಯ ಏನಾದರೊಂದನ್ನು ಆರಿಸಿ ತಂದುಕೊಳ್ಳಲಿ. ಆದರೆ ಅವನು ತಂದರೆ ಅಗತ್ಯ, ಇವಳು ತಂದರೆ ಚಟ ಎಂದು ತೀರ್ಪು ಕೊಡುವ ಕುರ್ಚಿಯಲ್ಲಿ ಸ್ಪರ್ಧಿಯೇ ಕೂತಿದ್ದರೆ, ಅದು ಯಾವ ಊರಿನ ಚರ್ಚಾಸ್ಪರ್ಧೆ?

ಸ್ಪರ್ಧೆ ಅಂದಾಗ ನೆನಪಾಯಿತು. ನಮ್ಮ ಜಗಲಿಯಲ್ಲೊಂದು ಗಾಜಿನ ಶೋಕೇಸಿದೆ. ನಾನು ಗೆದ್ದ ಕಪ್ಪುಗಳನ್ನು ಇಡಲೆಂದೇ ಅಪ್ಪ ಹೊನ್ನಾವರದ ಬಡಗಿಯಿಂದ ಮಾಡಿಸಿದ್ದು. ಕಪ್ಪುಗಳ ಮೇಲೆಲ್ಲ ನನ್ನ ಹೆಸರು ಕೊರೆದಿದೆ. ಬಂದವರಿಗೆ ಅಪ್ಪ ಅದನ್ನು ಬೆರಳಿಟ್ಟು ಓದಿಸುತ್ತಾನೆ. ಅವುಗಳಲ್ಲಿ ಇಂದಿನವರೆಗೆ ಒಂದು ಹನಿ ನೀರು ಸಹ ಬಿದ್ದಿಲ್ಲ, ಅವುಗಳಿಂದ ಎಂತ ಉಪಯೋಗ ಎಂದು ಯಾರೂ ಕೇಳಿಲ್ಲ.

ಕಳೆದ ಭಾನುವಾರ ಮಧ್ಯಾಹ್ನದ ಊಟಕ್ಕೆ ಕೂತಾಗ ಸಾರಿಗೆ ಉಪ್ಪು ಸಾಲದೆಂದು ಅಪ್ಪ ಕೈ ಚಾಚಿದ. ಚಿಕ್ಕಿ ಎದ್ದು ಡಬ್ಬಿ ತಂದಳು. ಉಪ್ಪಿನ ತೇವಕ್ಕೆ ಅವಳ ಹೆಸರಿನ ಕೊನೆಯ ಅಕ್ಷರದ ಮೇಲೆ ಕಂದು ಚುಕ್ಕೆಯೊಂದು ಎದ್ದಿತ್ತು. ಅವಳು ಅದನ್ನು ಸೆರಗಿನಿಂದ ಒರೆಸಿದಳು, ಅದು ಹೋಗಲಿಲ್ಲ. ನಾನು ಡಬ್ಬಿಯನ್ನು ಅವಳ ಕೈಯಿಂದ ತೆಗೆದುಕೊಂಡು, ಜಗಲಿಗೆ ಹೋಗಿ ಶೋಕೇಸಿನ ಬಾಗಿಲು ತೆರೆದೆ.

“ಅಪ್ಪಾ, ಈ ಡಬ್ಬಿ ಖಾಲಿ ಮಾಡ್ತೆ. ಈ ಕಪ್ಪುಗಳಲ್ಲಿ ಯಾವುದಕ್ಕೆ ಉಪ್ಪು ತುಂಬ್ಲಿ?”