ಬ್ರೆಡ್ ವ್ಯಾನಿನಲ್ಲಿ ಹಾಲು ಉಕ್ಕಿಸಿದ್ದು

ನಾನೊಂದು ವ್ಯಾನು ಸುಟ್ಟಿದ್ದೇನೆ. ಬೇಕೆಂದು ಸುಟ್ಟದ್ದಲ್ಲ. ಬೇಕೆಂದು ಹಚ್ಚಿದರೆ ನನ್ನ ಕೈಯಲ್ಲಿ ಬೀಡಿಯೂ ಸರಿಯಾಗಿ ಹತ್ತುವುದಿಲ್ಲ. ಬೆಳಿಗ್ಗೆ ಒಂಬತ್ತೂವರೆಗೆ, ಒಳ್ಳೆಯ ಮುಹೂರ್ತದಲ್ಲಿ, ಹೊಸ ಪಂಚೆ ಉಟ್ಟು, ಹಣೆಗೆ ಕುಂಕುಮ ಇಟ್ಟುಕೊಂಡು, ಇಡೀ ಕೇರಿ ನಿಂತು ನೋಡುತ್ತಿರುವಾಗ ಸುಟ್ಟೆ. ಒಲೆಗೆ ಬೆನ್ನು ತಿರುಗಿಸಿ ಕೂತು ಜನರನ್ನು ನಗಿಸುತ್ತಿದ್ದೆ. ಒಮ್ಮೆ ಹಿಂದಕ್ಕೆ ತಿರುಗಿ ನೋಡಿದ್ದರೆ ಸಾಕಿತ್ತು.

ಈ ಕತೆಯನ್ನು ಹೊಸದುರ್ಗದ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಎಷ್ಟು ಸಲ ಹೇಳಿದ್ದೇನೆಂದರೆ, ಮೊದಲು ಆಳೆತ್ತರ ಇದ್ದ ಬೆಂಕಿ ಈಗ ತೆಂಗಿನ ಮರ ದಾಟಿದೆ. ಸುಟ್ಟುಹೋದ ನನ್ನ ಅರ್ಧ ಮೀಸೆ ಎರಡು ಪೂರ್ತಿ ಮೀಸೆಯಾಗಿದೆ. ಜನ ನಗುತ್ತಾರೆ. ಆದರೆ ಆ ವ್ಯಾನು ಯಾರಿಗಾಗಿ ಸಿದ್ಧವಾಗಿತ್ತು ಎಂಬುದನ್ನು ಹೋಟೆಲಿನಲ್ಲಿ ಹೇಳುವುದಿಲ್ಲ. ಹೇಳಿದರೆ ಯಾರೂ ನಗುವುದಿಲ್ಲ.

ಅದು ಅಕ್ಕನಿಗಾಗಿ. ನನಗಿಂತ ಆರು ವರ್ಷ ದೊಡ್ಡವಳು. ನಮ್ಮದು ಮಾಡದಕೆರೆ ಕಡೆಯ ಕುರಿ ಸಾಕುವ ಮನೆ. ಅಕ್ಕನನ್ನು ಹೊಸದುರ್ಗದಲ್ಲಿ ಬಾಡಿಗೆ ಗಾಡಿ ಓಡಿಸುವ ಭಾವನಿಗೆ ಕೊಟ್ಟಿದ್ದರು. ನಾನು ಪಿಯುಸಿಯಲ್ಲಿ ಎರಡು ಸಲ ಫೇಲಾಗಿ, ಮೂರನೆಯ ಸಲ ಅಪ್ಪನ ಎದುರು ಫೇಲಾಗುವ ಧೈರ್ಯವಿಲ್ಲದೆ ಅವರ ಮನೆಗೆ ಬಂದು ಸೇರಿಕೊಂಡಿದ್ದೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಅಕ್ಕ ಬಾಗಿಲ ಚೌಕಟ್ಟಿಗೆ ಹಾಯುತ್ತಿದ್ದಳು, ಅಂಗಳದ ಕೊಡ ಎಡವುತ್ತಿದ್ದಳು. ಕತ್ತಲಾದರೆ ಕೋಳಿಗೂ ಕಣ್ಣು ಕಾಣುವುದಿಲ್ಲವಲ್ಲ, ನಾನು ಅವಳಿಗೆ 'ಆರು ಗಂಟೆ ಕೋಳಿ' ಎಂದು ಹೆಸರಿಟ್ಟೆ. ಕೋಳಿಯಂತೆ ಕೂಗಿಯೂ ತೋರಿಸಿದೆ. ಅವಳೂ ನಕ್ಕಳು.

ದಾವಣಗೆರೆಯ ಕಣ್ಣಿನ ಡಾಕ್ಟರು ನಗಲಿಲ್ಲ. ಅಕ್ಕನನ್ನು ಒಳಗೆ ಕೂರಿಸಿ ಭಾವನನ್ನೂ ನನ್ನನ್ನೂ ವರಾಂಡಕ್ಕೆ ಕರೆದು, "ಕಣ್ಣಿನ ಹಿಂದಿನ ನರ ಒಣಗ್ತಾ ಬಂದಿದೆ. ಇದಕ್ಕೆ ಔಷಧಿ ಇಲ್ಲ. ಒಂದು ವರ್ಷವೋ ಎರಡೋ, ಹೇಳೋಕಾಗಲ್ಲ. ಏನಾದರೂ ತೋರಿಸೋದಿದ್ದರೆ ತೋರಿಸಿಬಿಡಿ" ಎಂದರು. ಅಂದಿನಿಂದ ನಾನು ಕೋಳಿ ಕೂಗಿಲ್ಲ.

ವಾಪಸು ಬರುವಾಗ ಬಸ್ಸು ಹೊಳಲ್ಕೆರೆಯಲ್ಲಿ ನಿಂತಿತ್ತು. ಭಾವ ಕಿಟಕಿಯ ಕಡೆ ನೋಡಿಕೊಂಡೇ ಕೇಳಿದ, "ನಿನಗೆ ಏನು ನೋಡ್ಬೇಕು ಅನ್ಸುತ್ತೆ?"

ಡಾಕ್ಟರು ಏನು ಹೇಳಿದರೆಂದು ಅಕ್ಕ ಕೇಳಲಿಲ್ಲ. ಅವಳಿಗೆ ತಿಳಿದಿತ್ತು. ಬಸ್ಸು ಹೊರಟ ಮೇಲೆ ಹೇಳಿದಳು, "ಸಮುದ್ರ. ಒಂದ್ಕಡೆ ನಿಂತು ನೋಡದಲ್ಲ. ಅದರ ಪಕ್ಕದಾಗೇ ರಸ್ತೆ ಹೋಗುತ್ತಂತಲ್ಲ, ಆ ರಸ್ತೆ ಮುಗಿಯೋಗಂಟ ನೋಡ್ಬೇಕು."

ಬಸ್ಸಿನಲ್ಲಿ ಕರೆದುಕೊಂಡು ಹೋಗಬಹುದಿತ್ತು. ಆದರೆ ದಿನಕ್ಕೊಂದು ಲಾಡ್ಜು, ಲಾಡ್ಜಿಗೊಂದು ಮೆಟ್ಟಿಲು, ಮೆಟ್ಟಿಲಿಗೊಂದು ಎಡವು. ಸಂಜೆಯಾದರೆ ಅವಳಿಗೆ ತನ್ನ ಮನೆಯಲ್ಲಿ ಮಾತ್ರ ಧೈರ್ಯ. ಅಲ್ಲಿ ಯಾವುದು ಎಲ್ಲಿದೆಯೆಂದು ಕೈಗೆ ಗೊತ್ತು. ಆಗ ನಾನೊಂದು ಮಾತು ಹೇಳಿದೆ. ಜೀವಮಾನದಲ್ಲಿ ನಾನು ಹೇಳಿದ ಏಕೈಕ ಬುದ್ಧಿವಂತಿಕೆಯ ಮಾತು ಅದು, ಅದರ ಗತಿಯೂ ಹೀಗಾಯಿತು. "ಭಾವ, ನಮ್ಮ ತಾತ ಕುರಿ ಹಿಂದೆ ಹೋಗುವಾಗ ಮನೇನೇ ಕತ್ತೆ ಮ್ಯಾಲೆ ಹೇರ್ಕೊಂಡು ಹೋಗ್ತಿದ್ನಂತೆ. ನಾವೂ ಮನೇನೇ ಹೇರ್ಕೊಂಡು ಹೋಗಾಣ."

"ಕತ್ತೆ ಎಲ್ಲೈತೆ?"

"ನಾನಿದೀನಲ್ಲ."

ಭಾವ ಬಹಳ ದಿನಗಳ ಮೇಲೆ ನಕ್ಕಿದ್ದು ಅವತ್ತು. ಹದಿನೈದು ದಿನದಲ್ಲಿ ಹಿರಿಯೂರಿನಿಂದ ಒಂದು ಹಳೆಯ ವ್ಯಾನು ತಂದ. ಮುಚ್ಚಿಹೋದ ಬೇಕರಿಯೊಂದರ ಬ್ರೆಡ್ ವ್ಯಾನು. ಬಾಗಿಲು ತೆಗೆದರೆ ಈಗಲೂ ಬನ್ನಿನ ವಾಸನೆ. ಮೊದಲ ದಿನ ಬೀದಿನಾಯಿಗಳೆಲ್ಲ ಮೆರವಣಿಗೆಯಲ್ಲಿ ಹಿಂದೆ ಬಂದವು. ನನ್ನ ಜೀವನದಲ್ಲಿ ನನ್ನ ಹಿಂದೆ ಅಷ್ಟು ಜನ ಎಂದೂ ಬಂದಿಲ್ಲ.

ಒಳಗಿನ ಮನೆ ಕಟ್ಟಿದ್ದು ಚಿತ್ರದುರ್ಗದಲ್ಲಿ ಲಾರಿ ಬಾಡಿ ಕಟ್ಟುವ ಒಬ್ಬ ಸಾಹೇಬರ ಶೆಡ್ಡಿನಲ್ಲಿ. ನಾಲ್ಕು ತಲೆಮಾರಿನಿಂದ ಮರಗೆಲಸದವರು. ಭಾವ ಹೇಳಿದ್ದನ್ನೆಲ್ಲ ಕೇಳಿ ಅವರು ಗಡ್ಡ ಕೆರೆದುಕೊಂಡರು. "ಅರೇ, ನಾನು ಈರುಳ್ಳಿಗೆ ಬಾಡಿ ಕಟ್ಟೀನಿ, ದನಕ್ಕೆ ಕಟ್ಟೀನಿ. ಹೆಂಡ್ತಿಗೆ ಯಾರೂ ಕಟ್ಸಿಲ್ಲ ನೋಡ್ರಿ" ಎಂದರು. ಆಮೇಲೆ ಅಕ್ಕನನ್ನೇ ಕರೆದುಕೊಂಡು ಬನ್ನಿ ಎಂದು ಹೇಳಿಕಳುಹಿಸಿದರು. ಅವಳ ಕೈ ಚಾಚಿಸಿ, ಮೊಳಕೈಯಿಂದ ಬೆರಳ ತುದಿಗೆ ಅಳತೆ ಹಿಡಿದು, ನೀರಿನ ಹೂಜಿಯ ಗೂಡು, ಬಳೆಯ ಮೊಳೆ, ಸೀಮೆಎಣ್ಣೆ ಸ್ಟೌವಿನ ಹಲಗೆ, ಕಿಟಕಿಯ ಚಿಲಕ ಎಲ್ಲವನ್ನೂ ಕೂತಲ್ಲಿಂದ ಅವಳ ಕೈಗೆ ಸಿಗುವಂತೆ ಜೋಡಿಸಿದರು. ಹಾಸಿಗೆಗೆ ನಮ್ಮೂರ ತೆಂಗಿನ ನಾರು ತುಂಬಿದ್ದು ನಾನು. ನಾನು ತುಂಬಿದ ಕಡೆ ಗುಡ್ಡ, ತುಂಬದ ಕಡೆ ಕಣಿವೆ. "ಘಾಟಿ ರಸ್ತೆ ಅಭ್ಯಾಸ ಆಗ್ಲಿ ಅಂತ" ಎಂದು ಸಮರ್ಥಿಸಿಕೊಂಡೆ.

ದಾರಿಯನ್ನು ಯೋಜಿಸುವ ಕೆಲಸವೂ ನನ್ನದೇ. ಮೂರು ತಿಂಗಳು ದಿನಾ ಮಧ್ಯಾಹ್ನ ಊಟವಾದ ಮೇಲೆ ಶಾಲೆಯ ಹರಕು ಅಟ್ಲಾಸಿನ ಮೇಲೆ ದಾರ ಎಳೆದು ಅಳೆಯುತ್ತಿದ್ದೆ. ಹೊಸದುರ್ಗ, ಹೊಳಲ್ಕೆರೆ, ಶಿವಮೊಗ್ಗ, ಸಾಗರ, ಘಟ್ಟ ಇಳಿದು ಹೊನ್ನಾವರ. ಅಲ್ಲಿಂದ ಸಮುದ್ರವನ್ನು ಬಲಗಡೆ ಇಟ್ಟುಕೊಂಡು ಭಟ್ಕಳ, ಕುಂದಾಪುರ, ಉಡುಪಿ, ಮಂಗಳೂರು. ಅಕ್ಕನ ಸೀಟು ಅದಕ್ಕೇ ಬಲಗಡೆಯ ಕಿಟಕಿಗೆ. ನನ್ನ ದಾರದ ಪ್ರಕಾರ ಘಟ್ಟ ಇಳಿಯಲು ಹತ್ತು ನಿಮಿಷ ಸಾಕಾಗಿತ್ತು. ದಾರಕ್ಕೆ ತಿರುವು ಗೊತ್ತಿಲ್ಲ ಎಂದು ಭಾವ ಹೇಳಿದ ಮೇಲೆ, ಗೊತ್ತಿರುವ ದಾರ ಯಾವ ಅಂಗಡಿಯಲ್ಲಿ ಸಿಗುತ್ತದೆ ಎಂದು ಕೇಳಿದೆ. ಅಕ್ಕ ಸೊಪ್ಪು ಬಿಡಿಸುತ್ತ, "ಎಲ್ಲಿಗೆ ಬಂದ್ವಿ ಇವತ್ತು?" ಎನ್ನುತ್ತಿದ್ದಳು. ನಾನು, "ಕುಂದಾಪುರದಾಗೆ ಚಾ ಕುಡೀತಾ ಇದೀವಿ, ಇಳೀಬ್ಯಾಡ" ಎನ್ನುತ್ತಿದ್ದೆ.

ವ್ಯಾನಿನ ಒಳಗೋಡೆಗೆ ದೊಡ್ಡದಾಗಿ ನಕ್ಷೆ ಬರೆದೆ. ಸಾಹೇಬರ ಶೆಡ್ಡಿನಲ್ಲಿ ಉಳಿದಿದ್ದದ್ದು ಹಸಿರು ಪೇಂಟು ಮಾತ್ರ. ಹಾಗಾಗಿ ನಮ್ಮ ಸಮುದ್ರ ಅಪ್ಪಟ ಗಿಳಿಹಸಿರು. ಅಕ್ಕನನ್ನು ಒಳಗೆ ಕರೆದು ತೋರಿಸಿದೆ. ಅವಳು ಗೋಡೆಗೆ ಮುಖ ಮಾಡಿ ಸ್ವಲ್ಪ ಹೊತ್ತು ನಿಂತು, "ಅಬ್ಬಾ, ಎಷ್ಟು ನೀಲಿ ಬಳ್ದೀಯಲೋ" ಎಂದಳು.

"ಏ, ಅದು ಹಸ್ರು ಕಣಕ್ಕ!"

"ಗೊತ್ತು ಬಿಡೋ. ನಿನ್ನ ಹಿಡಿಯಾಕೆ ಅಂದೆ" ಎಂದು ನಕ್ಕಳು. ನಾನೂ ನಕ್ಕೆ. ಅಕ್ಕನೂ ಜೋಕು ಮಾಡುವುದು ಕಲಿತಳು, ನನ್ನ ಸಹವಾಸ ವ್ಯರ್ಥವಾಗಲಿಲ್ಲ ಎಂದುಕೊಂಡೆ.

ಗಾಡಿ ಘಟ್ಟ ಹತ್ತುತ್ತದೋ ಇಲ್ಲವೋ ನೋಡಲು ಒಂದು ಬೆಳಿಗ್ಗೆ ಚಿತ್ರದುರ್ಗದ ಪಕ್ಕದ ಜೋಗಿಮಟ್ಟಿ ಬೆಟ್ಟಕ್ಕೆ ಹೋದೆವು. ಅರ್ಧ ದಾರಿಯಲ್ಲಿ ರೇಡಿಯೇಟರ್ ಕುದಿಯಿತು. ನಾನು ಹಿಂದಿನಿಂದ ತಳ್ಳಿದೆ. ಭಾವ ಹೇಳುವಂತೆ, ಒರಗಿಕೊಂಡು ನಿಂತಿದ್ದೆ. ಮೇಲೆ ತಲುಪಿದಾಗ ಅಕ್ಕ ಕಿಟಕಿಯಿಂದ ಮುಖ ಹೊರಗಿಟ್ಟು ಕಣ್ಣು ಮುಚ್ಚಿಕೊಂಡು ಕೂತಿದ್ದಳು. ಕೆಳಗೆ ಇಡೀ ಊರು, ಕೋಟೆಯ ಬಂಡೆಗಳು, ಅದರಾಚೆ ಬಯಲು. "ಕಣ್ಣು ಬಿಡಕ್ಕ, ನೋಡಕೆ ಅಂತ ಇಷ್ಟು ಪೆಟ್ರೋಲ್ ಸುಟ್ಟೀವಿ" ಎಂದೆ. "ಗಾಳಿಗೆ ನೀರು ಬರ್ತೈತೆ ಕಣೋ. ಸಮುದ್ರದ ಗಾಳೀನೂ ಹಿಂಗೇ ಇರುತ್ತಾ?" ಎಂದು ಕೇಳಿದಳು. ನಾನು ದಿನಾ ಸಮುದ್ರಕ್ಕೆ ಹೋಗಿಬರುವವನಂತೆ, "ಇನ್ನೂ ಉಪ್ಪುಪ್ಪಾಗಿರುತ್ತೆ" ಎಂದೆ.

ಹೊರಡುವ ದಿನ ನಿಶ್ಚಯವಾಯಿತು. ಅವ್ವ ಊರಿಂದ ಬಂದಳು. ವ್ಯಾನಿನೊಳಗೆ ಹತ್ತಿ ಹಾಸಿಗೆ, ಒಲೆ, ಹೂಜಿ ಎಲ್ಲ ನೋಡಿ ಇಳಿದವಳು, "ಇದು ಗಾಡಿ ಅಲ್ಲ, ಮನೆ. ಮನೆ ಅಂದ್ಮ್ಯಾಲೆ ಹಾಲು ಉಕ್ಕಬೇಕು. ಉಕ್ಕದ ಮನ್ಯಾಗೆ ಮಲಗಬಾರದು" ಎಂದಳು.

ಭಾವ ತಲೆ ಚಚ್ಚಿಕೊಂಡ. "ಅತ್ತೆ, ಗೃಹಪ್ರವೇಶಕ್ಕೆ ದಿಕ್ಕು ಬೇಕಲ್ಲ. ಚಕ್ರ ಇರೋ ಮನೆಗೆ ಯಾವ ಪೂರ್ವ?"

"ನಿಲ್ಸಿದ ಕಡೆ ಪೂರ್ವ ಇಲ್ವೇನಪ್ಪ?"

ಹೀಗೆ ಹೊರಡುವ ಹಿಂದಿನ ದಿನ ನಮ್ಮ ವ್ಯಾನಿಗೆ ಗೃಹಪ್ರವೇಶವಾಯಿತು. ಬಾಗಿಲಿಗೆ ಮಾವಿನ ಸೊಪ್ಪು, ಚಕ್ರಗಳಿಗೆ ಅರಿಶಿನ. ಮೊದಲು ಒಂದು ಕುರಿಯನ್ನು ಹತ್ತಿಸಿದೆವು. ಅದು ಮಾವಿನ ಸೊಪ್ಪು ತಿಂದು ಇಳಿಯಿತು. ಹಾಸಿಗೆ ಬಿಟ್ಟರೆ ಒಳಗೆ ಒಬ್ಬರು ಕೂರುವಷ್ಟೇ ಜಾಗ. ಮನೆಯೊಡತಿ ಅಕ್ಕ ಒಲೆಯ ಮುಂದೆ ಕೂತಳು. ಗಾಳಿಗೆ ಒಲೆ ಆರದಿರಲೆಂದು ಕಿಟಕಿ ಮುಚ್ಚಿ ಬಾಗಿಲಿಗೆ ಪರದೆ ಬಿಟ್ಟೆವು. ಪಂಪ್ ಹೊಡೆಯುವುದಕ್ಕೆ ನಾನು ಬಾಗಿಲ ಮೆಟ್ಟಿಲ ಮೇಲೆ. ಹಾಲು ಪೂರ್ವಕ್ಕೆ ಉಕ್ಕಬೇಕು ಎಂದು ಅವ್ವ ಹೇಳಿದ್ದಳು. ನಾವು ಹೋಗುವುದು ಸಮುದ್ರಕ್ಕೆ, ಹಾಲೂ ಪಡುವಲಕ್ಕೇ ಹೋಗಲಿ ಎಂದು ನಾನು ಗುಟ್ಟಾಗಿ ಸ್ಟೌವಿನ ಒಂದು ಕಾಲಿನಡಿ ಕರಟದ ಚೂರು ಇಟ್ಟಿದ್ದೆ.

ಆಮೇಲೆ ಜನರ ಕಡೆ ತಿರುಗಿ ಶುರು ಮಾಡಿದೆ. ಬಸ್ ಕಂಡಕ್ಟರನ ದನಿಯಲ್ಲಿ, "ಯಾರ್ರೀ ಹೊನ್ನಾವರ, ಭಟ್ಕಳ! ಕುರಿಗೆ ಅರ್ಧ ಟಿಕೆಟ್, ಬರ್ರಿ ಕುಂತ್ಕಳ್ರಿ!" ಜನ ಬಿದ್ದು ಬಿದ್ದು ನಕ್ಕರು. ನಗು ಜೋರಾದಷ್ಟೂ ನನಗೆ ಹುರುಪು. ಕೈಯೊಂದನ್ನು ಹಿಂದಕ್ಕೆ ಚಾಚಿ ನೋಡದೆಯೇ ಪಂಪ್ ಹೊಡೆಯುತ್ತಿದ್ದೆ. "ಉಕ್ತೇನಕ್ಕ?"

"ಇನ್ನೂ ಇಲ್ಲ ಕಣೋ. ಇನ್ನೊಂದೀಟು ಹೊಡಿ."

ಹೊಡೆದೆ. ಮತ್ತೊಂದು ಜೋಕು ಹೇಳಿದೆ. ಮತ್ತೆ ಕೇಳಿದೆ.

"ಇನ್ನೂ ಇಲ್ಲ."

ಸ್ವಲ್ಪ ಹೊತ್ತಿಗೆ ಅವಳೇ, "ಲೇ, ಒಲೆ ಆರ್ದಂಗೈತೆ, ಸದ್ದಿಲ್ಲ" ಎಂದಳು. ಆರಿದರೆ ಹಚ್ಚಿದರಾಯಿತು. ಪರದೆ ಸರಿಸಿ, ಕತ್ತಲೆಯ ಒಳಕ್ಕೆ ಬಾಗಿ, ಕಡ್ಡಿ ಗೀರಿದೆ. ಆ ಒಂದು ಕ್ಷಣದ ಬೆಳಕಿನಲ್ಲಿ ಕಂಡಿತು. ಹಾಲು ಎಂದೋ ಉಕ್ಕಿ, ಒಲೆಯನ್ನು ಆರಿಸಿ, ಹಲಗೆಯ ಮೇಲೆ ಹರಿದುಹೋಗಿತ್ತು. ನಾನು ಹೊಡೆದ ಪಂಪಿಗೆಲ್ಲ ಸೀಮೆಎಣ್ಣೆ ಆವಿಯಾಗಿ ಒಳಗೆ ತುಂಬಿತ್ತು. ಭಗ್ಗೆಂದಿತು. ಭಾವ ನನ್ನನ್ನು ತುಳಿದುಕೊಂಡೇ ಹತ್ತಿ ಅಕ್ಕನನ್ನು ಎಳೆದುಕೊಂಡ. ಅವಳ ಸೆರಗಿನ ತುದಿ ಮಾತ್ರ ಸುಟ್ಟಿತ್ತು. ನಾನು ಹುಬ್ಬು, ಅರ್ಧ ಮೀಸೆ, ಪಂಚೆ ಬಿಟ್ಟು ಕೆಳಗೆ ಬಿದ್ದೆ. ತೆಂಗಿನ ನಾರಿಗೆ ಬೆಂಕಿ ತಗುಲಿದರೆ ಆರಿಸುವವರಿಲ್ಲ. ಟ್ಯಾಂಕಿಗೆ ಪೆಟ್ರೋಲ್ ತುಂಬಿಸು ಎಂದು ಭಾವ ಎರಡು ದಿನದಿಂದ ಹೇಳಿದ್ದ, ನಾನು ತುಂಬಿಸಿರಲಿಲ್ಲ. ಕೇರಿ ಉಳಿದದ್ದು ನನ್ನ ಸೋಮಾರಿತನದಿಂದ. ಬಾವಿಯ ನೀರು ಬರುವಷ್ಟರಲ್ಲಿ ತಗಡು, ಚಕ್ರ, ಕರಕಲು ಹಲಗೆ, ಒಂದು ಹೂಜಿ ಉಳಿದಿದ್ದವು.

ಭಾವ ಬೈಯಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಸುಖವಿತ್ತು. ತಗಡಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಕೈಯಲ್ಲಿದ್ದ ಸ್ಪ್ಯಾನರನ್ನು ತಿರುಗಿಸುತ್ತಿದ್ದ. ಸುದ್ದಿ ತಿಳಿದು ಚಿತ್ರದುರ್ಗದಿಂದ ಬಂದ ಸಾಹೇಬರು ಸುಟ್ಟ ಹಲಗೆಯನ್ನು ಬೆರಳಿಂದ ಮುಟ್ಟಿ ನೋಡಿ, "ಕೀಲು ಬಿಟ್ಟಿಲ್ಲ ನೋಡ್ರಿ" ಎಂದಷ್ಟೇ ಹೇಳಿ ಹೋದರು.

ವಾರದ ಮೇಲೆ ಭಾವ ಅಕ್ಕನ ಹತ್ತಿರ ಕೂತು, "ಬಸ್ಸಿನಾಗೇ ಹೋಗಾಣ. ನಾನು ಕೈ ಹಿಡ್ಕೊತೀನಿ" ಎಂದ. ಅಕ್ಕ ಬೇಡವೆಂದಳು. ಹಬ್ಬ ಕಳೆದ ಮೇಲೆ ಕೇಳಿದ, ಬೇಡವೆಂದಳು. ಮೂರನೆಯ ಸಲ ನಾನು ಕಾಲು ಹಿಡಿದು ಕೇಳಿದೆ. "ಸಮುದ್ರದ ಹುಚ್ಚು ಬಿಟ್ಟೋಯ್ತು ಕಣೋ" ಎಂದಳು. ನನ್ನ ಮೇಲಿನ ಸಿಟ್ಟೆಂದು ಎಲ್ಲರೂ ತಿಳಿದರು, ನಾನೂ ತಿಳಿದೆ. ಡಾಕ್ಟರು ಹೇಳಿದ ವರ್ಷ ತುಂಬುವ ಮೊದಲೇ ಅವಳು ಗೋಡೆ ಹಿಡಿದು ನಡೆಯತೊಡಗಿದಳು.

ಅದಾಗಿ ಮೂರು ವರ್ಷ. ಮೊನ್ನೆ ಮನೆಗೆ ಬಂದ ನೆಂಟರಿಗೆ ನಾನು ಅದೇ ಕತೆ ಹೇಳುತ್ತಿದ್ದೆ, ಮೀಸೆ, ಕುರಿ, ತೆಂಗಿನ ಮರದೆತ್ತರದ ಬೆಂಕಿ. ನೆಂಟರು ನಕ್ಕು ಹೋದರು. ಅಕ್ಕ ಗೋಡೆಗೊರಗಿ ಅವರೆಕಾಯಿ ಸುಲಿಯುತ್ತಿದ್ದಳು. ಕಾಳು ಬಟ್ಟಲಿಗೆ ಬೀಳುವ ಸದ್ದು ನಿಂತಿತು.

"ನಿನ್ನ ಕತ್ಯಾಗೆ ಒಂದು ಬಿಟ್ಟೋಗೈತೆ" ಎಂದಳು. "ಒಲೆ ಮುಂದೆ ಕುಂತೋಳು ನಾನು. ಹಾಲು ಉಕ್ಕಿದ್ರೂ ಇಲ್ಲ ಇಲ್ಲ ಅಂದೆನಲ್ಲ, ಯಾಕೆ ಅಂತ ಒಬ್ರೂ ಕೇಳಲಿಲ್ಲ."

ನಾನು ಅವಳ ಪಕ್ಕ ಹೋಗಿ ಕೂತೆ.

"ಕಾಣ್ತಿರಲಿಲ್ಲ ಕಣೋ. ಜೋಗಿಮಟ್ಟಿಗೆ ಹೋದಾಗ್ಲೇ ಏನೂ ಕಾಣ್ತಿರಲಿಲ್ಲ. ನೀನು ನಕ್ಷೆ ತೋರ್ಸಿದಾಗ, ಸಮುದ್ರ ಅಂದ್ಮ್ಯಾಲೆ ನೀಲಿ ಇರುತ್ತೆ ಅಂತ ನೀಲಿ ಅಂದೆ. ನೀನು ಹಸ್ರು ಅಂತ ಕೂಗಿದ್ಯಲ್ಲ, ಎದೆ ಧಸಕ್ ಅಂತು, ಸಿಕ್ಕಾಕ್ಕಂಡೆ ಅಂತ."

"ಯಾಕಕ್ಕ ಹೇಳಲಿಲ್ಲ?"

"ಹೆಂಗೆ ಹೇಳ್ಲಿ? ನಿಮ್ಮ ಭಾವ ಸುತ್ತಿಗೆ ಹಿಡ್ಕೊಂಡು ಹಾಡು ಹೇಳ್ಕೊಂತಿದ್ದ. ನೀನು ದಿನಾ ಕುಂದಾಪುರದಾಗೆ ಚಾ ಕುಡಿಸ್ತಿದ್ದೆ. ಹೇಳಿದ್ರೆ ಅವತ್ತೇ ಎಲ್ಲ ನಿಂತೋಗ್ತಿತ್ತು. ಸುಟ್ಟೋದ ಮ್ಯಾಲೆ ಬಸ್ಸಿನಾಗೆ ಯಾಕೆ ಬರ್ಲಿ? ಅಲ್ಲಿ ನಿಂತ್ಕೊಂಡು ನಿಮ್ಮಿಬ್ರಿಗೆ ಏನು ಕಾಣುತ್ತೆ ಅಂತ ಹೇಳ್ಲಿ?"

ಬಟ್ಟಲಲ್ಲಿ ಬೆರಳಾಡಿಸಿದಳು. ಆಮೇಲೆ ಕೇಳಿದಳು, "ಕಡ್ಡಿ ಗೀರ್ದಾಗ ನೀನು ನೋಡ್ದೆ ಅಲ್ವಾ? ಉಕ್ಕಿತ್ತಾ?"

"ಉಕ್ಕಿತ್ತಕ್ಕ. ಪಡುವಲಕ್ಕೆ."

"ಹಂಗಾದ್ರೆ ಅದು ಮನೆ ಆಗಿತ್ತು. ಇಷ್ಟು ದಿನ ಊರಿಗೆಲ್ಲ ವ್ಯಾನ್ ಸುಟ್ಟೆ, ವ್ಯಾನ್ ಸುಟ್ಟೆ ಅಂತ ಹೇಳ್ಕೊಂಡು ತಿರುಗ್ತೀಯಲ್ಲ ಮುಂಡೇದೇ, ನೀನು ಸುಟ್ಟಿದ್ದು ನನ್ನ ಮನೇನ."