ಅಕ್ಕ ಕುಳಿತಾಗ ಬರುವ ಸದ್ದು

ಕಾರಿನಲ್ಲಿ ಸದ್ದು ಬಂದರೆ ಬಾನೆಟ್ಟಿಗೆ ತಲೆಹಾಕುವವರಿಗೆ ನಮ್ಮ ಕಡೆ ಬರವಿಲ್ಲ, ಮಹನೀಯರೇ. ಆದರೆ ಅದಕ್ಕೂ ಮೊದಲು ಅವರೆಲ್ಲ ಮಾಡುವ ಕೆಲಸವೆಂದರೆ, ಕಾರಿನಲ್ಲಿ ಕುಳಿತವರನ್ನು ಕಣ್ಣಿನಲ್ಲೇ ತೂಗುವುದು. ಹಳ್ಳಿಖೇಡದ ಸಕ್ಕರೆ ಕಾರ್ಖಾನೆಗೆ ಬೆಟ್ಟದಷ್ಟು ಕಬ್ಬು ಹೇರಿಕೊಂಡು ಹೋಗುವ ಟ್ರ್ಯಾಕ್ಟರುಗಳನ್ನು ರಿಪೇರಿ ಮಾಡಿ ಪಳಗಿದ ನಮ್ಮ ಮಿಸ್ತ್ರಿಗಳಿಗೆ ಸಕಲ ವಾಹನಗಳ ಸಕಲ ವ್ಯಾಧಿಗೂ ಒಂದೇ ಕಾರಣ: ಲೋಡ್ ಜಾಸ್ತಿ.

ನನ್ನ ಹಳೆಯ ಕಾರು ನಿಂತಲ್ಲಿಂದ ಹೊರಡುವಾಗ 'ಕಟಕ್' ಎನ್ನತೊಡಗಿತ್ತು. ಹುಮನಾಬಾದಿನಲ್ಲಿರುವ ಅಕ್ಕನನ್ನು ಪ್ರತಿ ಭಾನುವಾರ ಬಸವಕಲ್ಯಾಣದ ನಮ್ಮ ಮನೆಗೆ ಊಟಕ್ಕೆ ಕರೆತರುವುದು ನನ್ನ ರೂಢಿ. ಅಕ್ಕ ಹಿಂದಿನ ಸೀಟಿನಲ್ಲಿ ಕುಳಿತಾಗ ಮಾತ್ರ ಈ ಸದ್ದು ನನ್ನ ಕಿವಿಗೆ ಬೀಳುತ್ತಿತ್ತು. ಪಾನಾ ಯಾವುದು, ಇಕ್ಕಳ ಯಾವುದು ಎಂದು ತಿಳಿಯದ ನಾನು ಇದನ್ನೊಂದು ಮಹಾ ಸಂಶೋಧನೆಯೆಂದು ಬಗೆದು, ಹುಮನಾಬಾದಿನ ಮಿಸ್ತ್ರಿಯೊಬ್ಬನ ಮುಂದೆ, ಅಕ್ಕ ಕಾರಿನಲ್ಲಿ ಕುಳಿತಿರುವಾಗಲೇ, ಸವಿಸ್ತಾರವಾಗಿ ನಿವೇದಿಸಿಕೊಂಡೆ. ಆತ ಬಾನೆಟ್ ತೆಗೆಯಲಿಲ್ಲ, ಬಗ್ಗಿ ನೋಡಲಿಲ್ಲ. ಕಿಟಕಿಯಲ್ಲಿ ಇಣುಕಿ ಅಕ್ಕನನ್ನು ನೋಡಿದ.

"ಗಾಡಿದೇನೂ ಖರಾಬ್ ಇಲ್ರಿ ಸಾಹೇಬ್ರ. ಹಿಂದ ಲೋಡ್ ಜಾಸ್ತಿ ಆಗ್ಯಾದ."

ನನ್ನ ಅಕ್ಕ ತುಂಬು ದೇಹದವಳು, ಅದಕ್ಕಿಂತ ತುಂಬು ಬಾಯಿಯವಳು. ಅಂಥವಳು ಅಂದು ಕಿಟಕಿಯ ಗಾಜು ಏರಿಸಿ ಕುಳಿತುಬಿಟ್ಟಳು. ಮುಂದಿನ ವಾರದಿಂದ ಬಸ್ಸೇ ಆರಾಮವೆಂದು ಹೇಳಿ ತಾನೇ ಬರತೊಡಗಿದಳು. ಆಮೇಲೊಂದು ದಿನ ಭಾವ ಫೋನಿನಲ್ಲಿ ದನಿ ತಗ್ಗಿಸಿ ಹೇಳಿದರು: ಅವಳೀಗ ಒಂದೇ ರೊಟ್ಟಿಗೆ ಕೈ ತೊಳೆಯುತ್ತಾಳಂತೆ, ಬಸ್ಸಿನಲ್ಲಿ ಜಾಗ ಸಿಗದೆ ಮೊಣಕಾಲು ನೋಯುತ್ತಿದ್ದರೂ ನಿಂತೇ ಬರುತ್ತಾಳಂತೆ.

ನನಗೆ ಮೈಯೆಲ್ಲ ಉರಿದುಹೋಯಿತು. ರೋಗಿಯ ನಾಡಿಯನ್ನೂ ಮುಟ್ಟದೆ, ಜೊತೆಗೆ ಬಂದವರಿಂದಲೇ ರೋಗ ಬಂತೆನ್ನುವ ವೈದ್ಯನನ್ನು ನೀವಾದರೂ ಏನೆಂದು ಕರೆಯುತ್ತೀರಿ? ಆ ಮಿಸ್ತ್ರಿಗೆ ಹೇಳಬೇಕಾದ ಮಾತುಗಳನ್ನು ಮನಸ್ಸಿನಲ್ಲೇ ಮಸೆಯುತ್ತ ಒಬ್ಬನೇ ಹುಮನಾಬಾದಿಗೆ ಹೊರಟವನು, ಸಿಟ್ಟಿನ ಭರದಲ್ಲಿ ಹಾಡು ಹಚ್ಚುವುದನ್ನು ಮರೆತೆ. ಹೆದ್ದಾರಿ ಸೇರುವಲ್ಲಿ ಕಬ್ಬಿನ ಟ್ರ್ಯಾಕ್ಟರಿಗೆ ದಾರಿ ಬಿಟ್ಟು ನಿಂತು, ಮತ್ತೆ ಮೊದಲ ಗೇರು ಹಾಕಿ ಕ್ಲಚ್ ಬಿಟ್ಟೆ. ಕಟಕ್!

ಹಿಂದೆ ತಿರುಗಿ ನೋಡಿದೆ. ಸೀಟು ಖಾಲಿ. ಆಗ ಈ ಮಂದಮತಿಗೆ ಹೊಳೆಯಿತು: ಒಬ್ಬನೇ ಇರುವಾಗ ನಾನು ಕಿವಿ ಗಡಚಿಕ್ಕುವಂತೆ ಹಾಡು ಹಚ್ಚುತ್ತೇನೆ; ಹಾಡು ಕೇಳಿದರೆ ತಲೆನೋವೆಂದು ಅಕ್ಕ ಅದನ್ನು ಬಂದ್ ಮಾಡಿಸುತ್ತಾಳೆ. ಸದ್ದು ಮೊದಲಿನಿಂದಲೂ ಇತ್ತು. ಅಕ್ಕ ಬಂದಾಗ ಅದು ಕೇಳಿಸುತ್ತಿತ್ತು, ಅಷ್ಟೇ.

ಅಂದು ಅಲ್ಲಿಂದಲೇ ಹಿಂತಿರುಗಿದೆ. ಮುಂದಿನ ಭಾನುವಾರ ಅಕ್ಕನನ್ನು ಬಲವಂತದಿಂದ ಅದೇ ಮಿಸ್ತ್ರಿಯ ಅಂಗಡಿಗೆ ಕರೆಸಿ, ಅವನ ಪಕ್ಕದಲ್ಲೇ ನಿಲ್ಲಿಸಿದೆ. ಖಾಲಿ ಕಾರನ್ನು ಅವರ ಮುಂದೆ ನಿಲ್ಲಿಸುತ್ತ, ಹೊರಡಿಸುತ್ತ ಹೋದೆ. ಕಾರು ನನ್ನ ಮಾನ ಕಾಪಾಡಿತು. ಪ್ರತಿ ಸಲವೂ ಕಟಕ್ ಎಂದಿತು. ಮಿಸ್ತ್ರಿ ಕೊನೆಗೂ ಕಾರಿನಡಿ ತೂರಿ, ಮುಂದಿನ ಗಾಲಿಗಳಿಗೆ ಇಂಜಿನ್ನಿನ ಬಲ ಒಯ್ಯುವ ಎಕ್ಸೆಲ್ಲನ್ನು ಹಿಡಿದು ಅಲುಗಾಡಿಸಿದ. ಅದರ ಜಾಯಿಂಟ್ ಸವೆದುಹೋಗಿತ್ತು.

ನಾನು ಮಸೆದಿಟ್ಟಿದ್ದ ಮಾತುಗಳನ್ನು ಹೊರತೆಗೆಯುವಷ್ಟರಲ್ಲಿ ಅಕ್ಕ ಮೆಲ್ಲಗೆ ಕೇಳಿದಳು: "ಮತ್ತ ನನ್ನ ಲೋಡಿಂದು ಹ್ಯಾಂಗಪ್ಪಾ?"

ಆತ ಕೈಯಲ್ಲೇ ಇದ್ದ ಪಾನಾವನ್ನು ಎಲ್ಲೆಲ್ಲೋ ಹುಡುಕತೊಡಗಿದ.

ಕಾರನ್ನು ಅಲ್ಲೇ ಬಿಟ್ಟು ಅಕ್ಕನ ಮನೆಗೆ ನಡೆದು ಬಂದು ಊಟಕ್ಕೆ ಕುಳಿತೆವು. ಬಡಿಸುತ್ತಿದ್ದವರು ಭಾವ. ಅಕ್ಕನ ತಟ್ಟೆಗೆ ಒಂದು ರೊಟ್ಟಿ ಹಾಕಿದರು. ಅವಳು ತಿಂದು ಮುಗಿಸಿದಳು. ಈಚಿನ ರೂಢಿಯಂತೆ ಭಾವ ರೊಟ್ಟಿಯ ಬುಟ್ಟಿ ಮುಚ್ಚಲು ಹೋದರು.

"ಯಾಕ ಮುಚ್ಚಾಕತ್ತೀರಿ?" ಎಂದಳು ಅಕ್ಕ. "ಹಾಕ್ರಿ ಇನ್ನೊಂದು."